ಮೂರನೆಯ ಕಲ್ಲಿನವರೆಗೆ

ಹೋದ ವಾರ ಹನೂರು ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿ ಮಾಗಳಿ ಬೇರಿನ ಚೀಲ ಹೊತ್ತುಕೊಂಡು ನನ್ನ ಬಸ್ಸು ಹತ್ತಿದಳು. ಮಾಗಳಿ ಬೇರಿನ ವಾಸನೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯುವುದಿಲ್ಲ. ಉಪ್ಪಿನಕಾಯಿ ಹಾಕಿಟ್ಟರೆ ಬೆರಳು ಚೀಪುವವರೇ ಹಸಿ ಬೇರು ಕಂಡರೆ ಮೂಗು ಮುಚ್ಚಿಕೊಳ್ಳುತ್ತಾರೆ. ಮುಂದಿನ ಸೀಟಿನಲ್ಲಿದ್ದ ಇಸ್ತ್ರಿ ಷರಟಿನವನೊಬ್ಬ, "ಏನಮ್ಮ ಕಂಡಕ್ಟ್ರೇ, ತಿಗಣೆ ಮೂಟೆ ಅತ್ತುಸ್ಕಂಡಿದ್ದೀರಾ? ಇಳ್ಸಿ ಅತ್ಲಾಗೆ" ಅಂದ. "ಆಗ್ದಿದ್ರೆ ನೀವೇ ಇಳೀರಿ ಸಾ, ಆ ಅಜ್ಜಿನೂ ಟಿಕೆಟ್ ತಕಂಡದೆ" ಅಂದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ. ಆದರೆ ಅವತ್ತು ಬಂಡಳ್ಳಿ ದಾಟುವವರೆಗೆ ಒಬ್ಬರ ಚಿಲ್ಲರೆ ಇನ್ನೊಬ್ಬರಿಗೆ ಕೊಡುತ್ತಿದ್ದೆ. ಅದು ಅವನ ಮೇಲಿನ ಸಿಟ್ಟಿಗಲ್ಲ. ಆ ವಾಸನೆ ನನ್ನನ್ನು ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಗೆ ಎಳೆದುಕೊಂಡು ಹೋಗಿತ್ತು.

ನಾನು ಸೋಲಿಗರವಳು. ಹನೂರಿನಾಚೆ ಕಾಡಂಚಿನ ಒಂದು ಪೋಡು ನಮ್ಮದು. ನಮ್ಮ ಹಟ್ಟಿಗಳಿಗೆ ಪೋಡು ಎಂದೇ ಹೆಸರು. ನಮ್ಮ ಪೋಡು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆ ಬೆಳಗ್ಗೆಯೇ ನಾಲ್ಕು ಜನ ಕ್ಯಾಮೆರಾ ಹಿಡಿದುಕೊಂಡು ಬಂದು ನಿಲ್ಲುತ್ತಾರೆ. ಗಂಡ ಯಳಂದೂರು ಕಡೆಯವರು, ಕುಂತೂರು ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ನನ್ನ ಕೆಲಸದ ಸಲುವಾಗಿ ಕೊಳ್ಳೇಗಾಲದಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಒಬ್ಬಳೇ ಮಗಳು, ಪವಿತ್ರ. ಆ ವರ್ಷ ಅವಳಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು.

ನಮ್ಮ ಕುಲದಲ್ಲಿ ಒಂದು ಕತೆಯಿದೆ. ಅದನ್ನು ಮನೆಯಲ್ಲಿ ಕೂತು ಹೇಳುವ ಹಾಗಿಲ್ಲ. ಈಗಿನ ಪೋಡಿನಿಂದ ಕಾಡಿನೊಳಗಿನ ಹಳೆಯ ಪೋಡಿಗೆ, ಅಂದರೆ ನಮ್ಮ ಹಿರೀಕರನ್ನು ಎಬ್ಬಿಸಿ ಆಚೆ ಕಳಿಸಿದ ಜಾಗಕ್ಕೆ, ಒಂದು ದಾರಿಯಿದೆ. ಆ ದಾರಿಯುದ್ದಕ್ಕೂ ಕಲ್ಲುಗಳಿವೆ. ಸೋದರಮಾವ ತನ್ನ ಅಕ್ಕತಂಗಿಯರ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೊಂದು ಕಲ್ಲಿನ ಹತ್ತಿರವೂ ನಿಂತು, ಆ ಕಲ್ಲಿಗೆ ಸೇರಿದ ಕತೆಯನ್ನಷ್ಟೇ ನಮ್ಮ ನುಡಿಯಲ್ಲಿ ಹೇಳಬೇಕು. ಮಗು ಹಸಿರು ಸೊಪ್ಪು ಮುರಿದು ಕಲ್ಲಿನ ಮೇಲಿಟ್ಟು, ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು. ಸರಿಯಾಗಿದ್ದರೆ ಮುಂದಿನ ಕಲ್ಲು. ಒಂದು ಮಾತು ತಪ್ಪಿದರೂ ಹಿಂದಿನ ಕಲ್ಲಿಗೆ ವಾಪಸು ಹೋಗಿ ಅಲ್ಲಿಂದ ಮತ್ತೆ ಶುರು. ಇದೆಲ್ಲ ನಡೆಯಬೇಕಾದದ್ದು ಸುಗ್ಗಿ ಮುಗಿದ ಮೇಲೆ, ಮೊದಲ ಮಳೆ ಬೀಳುವ ಮುಂಚೆ. ಮಳೆ ಬಿದ್ದರೆ ಕಲ್ಲುಗಳು ಮಲಗುತ್ತವೆ, ಎಬ್ಬಿಸಬಾರದು. ನಮ್ಮವರು ಎಲ್ಲಿಂದ ಎಲ್ಲಿಗೆ ಬಂದರು, ಯಾವ ಕಲ್ಲಿನ ಮರೆಯಲ್ಲಿ ಯಾರು ಹೆತ್ತರು, ಯಾರು ಎಲ್ಲಿ ಮಣ್ಣಾದರು, ಯಾವ ದೇವರು ಯಾರೊಂದಿಗೆ ಮುನಿಸಿಕೊಂಡಿತು, ಎಲ್ಲ ಅದರಲ್ಲಿದೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಹೇಳೋಣವೆಂದರೆ ನನಗೆ ಗೊತ್ತಿಲ್ಲ ಕೂಡ.

ಯಾಕೆ ಗೊತ್ತಿಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ. ನಾನು, ನನ್ನ ಅಣ್ಣ ಬೇದಣ್ಣ ಇಬ್ಬರೂ ಆ ದಾರಿಯಲ್ಲಿ ನಡೆಯಬೇಕಾದ ವಯಸ್ಸಿನಲ್ಲಿ ಹಾಸ್ಟೆಲ್‌ನಲ್ಲಿದ್ದೆವು. ನಮ್ಮ ನುಡಿಯಲ್ಲಿ ಒಂದು ಮಾತು ಬಾಯಿಂದ ಬಂದರೆ ವಾರ್ಡನ್ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. "ಕಾಡು ಮಾತು ಬಿಡಿ, ಮನುಷ್ಯರ ಮಾತು ಕಲೀರಿ" ಅನ್ನುವುದು ಅವರ ಸುಪ್ರಭಾತ. ಬೇಸಿಗೆ ರಜೆಗೆ ಪೋಡಿಗೆ ಬರುತ್ತಿದ್ದೆವು ನಿಜ, ಆದರೆ ಕೇಳಿದ ಕತೆಯನ್ನು ತಿರುಗಿ ಹೇಳುವಷ್ಟು ನುಡಿ ಅಷ್ಟರಲ್ಲಿ ನಮ್ಮ ಬಾಯಲ್ಲಿ ಉಳಿದಿರಲಿಲ್ಲ. ನಮ್ಮ ಸೋದರಮಾವ ಕೇತಮಾವ ಒಂದು ವರ್ಷ ನಮ್ಮಿಬ್ಬರನ್ನೂ ಮೊದಲನೆಯ ಕಲ್ಲಿನ ಹತ್ತಿರ ನಿಲ್ಲಿಸಿಕೊಂಡು ನೋಡಿದರು. ಇಬ್ಬರೂ ತೊದಲಿದೆವು. ಮಾವ ನಮ್ಮನ್ನು ಮನೆಗೆ ಕರೆದುಕೊಂಡು ಬಂದರು. ಮಕ್ಕಳ ನಾಲಿಗೆ ಕತ್ತರಿಸಿ ಅಂಕಪಟ್ಟಿ ಕೊಟ್ಟರಲ್ಲ, ಅವರಲ್ಲಿ ಒಬ್ಬರಾದರೂ ಇವತ್ತಿನವರೆಗೆ ತಪ್ಪಾಯಿತು ಅಂದಿಲ್ಲ. ಬದಲಿಗೆ ಹಾಸ್ಟೆಲ್‌ನಿಂದ ಹೋದವಳು ಸರ್ಕಾರಿ ಕೆಲಸಕ್ಕೆ ಸೇರಿದಳೆಂದು ಕರೆದು ಶಾಲು ಹೊದಿಸಿದರು. ಆ ಶಾಲನ್ನು ನಾನು ಬಸ್ಸಿನ ಗಾಜು ಒರೆಸಲು ಇಟ್ಟುಕೊಂಡಿದ್ದೇನೆ.

ಪೋಡಿನಲ್ಲಿ ಆ ಕತೆ ಪೂರ್ತಿ ಬಲ್ಲವರೆಂದರೆ ಉಳಿದದ್ದು ಕೇತಮಾವ ಒಬ್ಬರೇ. ಆ ವರ್ಷ ಮಂಜು ಬೀಳುವ ಹೊತ್ತಿಗೆ ಅವರಿಗೆ ಗೂರಲು ಕೆಮ್ಮು ಹಿಡಿದಿತ್ತು. ರಾಗಿ ಬಡಿಯುವಾಗ ಕಣದ ಅಂಚಿಗೆ ಬಂದು ಕೂತಿದ್ದವರು ನನ್ನನ್ನು ಕರೆದು, "ಮಾದೇವಿ, ನಿನ್ ಕೂಸ್ನ ಕರ್ಕಬಾ. ಈ ಬ್ಯಾಸ್ಗೆಲಿ ನಡ್ಸುಬುಡ್ತೀನಿ. ಬೇದನೂ ಜೊತೇಲಿ ಬರ್ಲಿ, ಅವ್ಳಿಗೆ ಸೋದರಮಾವ ಅವ್ನೇ ಅಲ್ವಾ, ಅವ್ನೂ ಕಲ್ತ್ಕಳ್ಳಿ. ಮುಂದುಲ್ ಬ್ಯಾಸ್ಗೆ ನಂಗೆ ಗೊತ್ತಿಲ್ಲ ಕಣವ್ವ" ಅಂದರು.

ಅಂದಿನಿಂದ ಭಾನುವಾರ ಬಂದರೆ ಪವಿತ್ರ ಪೋಡಿನಲ್ಲಿ. ನನಗೆ ಡ್ಯೂಟಿ ಇದ್ದರೆ ನನ್ನದೇ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಹನೂರಿನಲ್ಲಿ ಅಣ್ಣನ ಕೈಗೆ ಒಪ್ಪಿಸುತ್ತಿದ್ದೆ. ಕೇತಮಾವ ಅವಳನ್ನು ಗುಡ್ಡದ ಬುಡಕ್ಕೆ ಕರೆದುಕೊಂಡು ಹೋಗಿ ಮಾಗಳಿ ಬೇರು ಕೀಳಲು ಹಚ್ಚುತ್ತಿದ್ದರು. "ಪೂರಾ ಕೀಳ್ಬ್ಯಾಡ ಕೂಸು, ಒಸಿ ಮಣ್ಣಲ್ಲೇ ಬುಡು, ಅದೂ ಬದುಕ್ಲಿ" ಅನ್ನುತ್ತಿದ್ದದ್ದು ಮೊದಲ ದಿನ ಮಾತ್ರ ಕನ್ನಡದಲ್ಲಿ. ಎರಡನೆಯ ಭಾನುವಾರದಿಂದ ಅವರು ನಮ್ಮ ನುಡಿ ಬಿಟ್ಟು ಬೇರೆ ಆಡಲಿಲ್ಲ. ಪವಿತ್ರ ಪೇಟೆಯ ಕನ್ನಡದಲ್ಲಿ ನೀರು ಕೇಳಿದರೆ ಕಿವುಡರ ಹಾಗೆ ಕೂತುಬಿಡುತ್ತಿದ್ದರು. ಪಾಪ, ಹುಡುಗಿ ಬಾಯಾರಿಕೆಗೆ ನಮ್ಮ ನುಡಿ ಕಲಿತಳು. ಶಿವರಾತ್ರಿ ಹೊತ್ತಿಗೆ ಅದೇ ನುಡಿಯಲ್ಲಿ ನನ್ನನ್ನೇ ಬೈಯಲು ಶುರು ಮಾಡಿದಳು. ಮನೆಗೆ ಬಂದರೆ ಬೆರಳ ತುಂಬ ಮಾಗಳಿ ವಾಸನೆ, ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳು ಬೈಯುವುದನ್ನು ಕೇಳಿ ನಾನು ಒಲೆ ಮುಂದೆ ನಿಂತು ಅತ್ತಿದ್ದೇನೆ. ನಮ್ಮವ್ವ ಸತ್ತ ಮೇಲೆ ಆ ಮನೆಮಾತು ನನ್ನ ಮನೆಯೊಳಗೆ ಕೇಳಿದ್ದು ಅದೇ ಮೊದಲು.

ಬಿಸಿಲು ಏರಿತು. ಕಾಡೆಲ್ಲ ಬೋಳಾಗಿ ನೆಲ ತರಗಿನಿಂದ ತುಂಬಿತು. "ಆಗದೆ, ಕೂಸು ತಯಾರಾಗದೆ, ಓಗಾಣ" ಎಂದು ಕೇತಮಾವ ಹೇಳಿಕಳಿಸಿದರು. ನಾನು ರಜೆ ಹಾಕಿ ಪೋಡಿಗೆ ಹೋದೆ. ಬೆಳಗ್ಗೆ ನಾವು ನಾಲ್ವರೂ ಹೊರಟು ಕಾಡಿನ ಗೇಟಿನ ಹತ್ತಿರ ಬಂದರೆ ಗಾರ್ಡು ಅಡ್ಡ ನಿಂತ. ಆ ವರ್ಷವೇ ಬಂದ ಹೊಸಬ.

"ಫೈರ್ ಸೀಸನ್ನು. ಒಳಗೆ ಒಂದು ನರಪಿಳ್ಳೆನೂ ಬಿಡೋಂಗಿಲ್ಲ ಅಂತ ಆರ್ಡರ್ ಆಗದೆ."

"ನಾವು ಬೆಂಕಿ ಆಕಕ್ಕೆ ಓಯ್ತಿಲ್ಲ ಸಾ, ಕತೆ ಏಳಕ್ಕೆ ಓಯ್ತಿದ್ದೀವಿ" ಅಂದ ನಮ್ಮಣ್ಣ.

"ಕತೆ ಏಳಕ್ಕೆ ಕಾಡ್ಯಾಕ್ ಬೇಕು? ಮನೇಲಿ ಕುಂತ್ಕಂಡು ಏಳಿ."

ಅಷ್ಟರಲ್ಲಿ ನಮ್ಮ ಪಕ್ಕದಲ್ಲೇ ಒಂದು ಸಫಾರಿ ಜೀಪು ಬಂದು ನಿಂತಿತು. ಒಳಗೆ ಟೋಪಿ, ಕಪ್ಪು ಕನ್ನಡಕ, ಚಿಪ್ಸ್ ಪೊಟ್ಟಣ. ಗೇಟು ತಾನಾಗಿ ಎದ್ದಿತು. ಜೀಪು ನಮ್ಮ ಮುಖಕ್ಕೆ ಧೂಳು ಎರಚಿ ನಮ್ಮದೇ ದಾರಿಯಲ್ಲಿ ಒಳಗೆ ಹೋಯಿತು. ಆ ಕಾಲುದಾರಿಯನ್ನು ಅಗಲ ಮಾಡಿ ಸಫಾರಿ ರಸ್ತೆ ಮಾಡಿದ್ದರು. ಕೇತಮಾವ ಮುಖ ಒರೆಸಿಕೊಂಡರು.

ನಾನು ಸುಮ್ಮನಿರುವವಳಲ್ಲ. ಕಂಡ ಕಂಡ ಕಚೇರಿಗೆ ಹೋದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಅರಣ್ಯ ಹಕ್ಕಿನ ಕಾನೂನು ಕೊಟ್ಟದ್ದನ್ನು ಕೊಡಲು ಮೇಜಿನ ಹಿಂದಿನವರಿಗೆ ಹೊಟ್ಟೆನೋವು. ಕೊನೆಗೆ ಸಿಕ್ಕ ಸಾಹೇಬರು ಕೂರಿಸಿ ನೀರು ಕೊಟ್ಟು ನಯವಾಗಿಯೇ ಮಾತಾಡಿದರು. "ನಿಮ್ಗೆ ಹಕ್ಕಿಲ್ಲ ಅಂತ ನಾನು ಹೇಳಲ್ಲಮ್ಮ. ಈಗ ಬೇಡ ಅಷ್ಟೆ. ಮಳೆ ಬಿದ್ಮೇಲೆ ಬನ್ನಿ, ನಾನೇ ಕಳಿಸ್ತೀನಿ." ಮಳೆ ಬಿದ್ದ ಮೇಲೆ ಕಲ್ಲು ಮಲಗುತ್ತವೆ ಸಾ ಅಂದೆ. ಅವರು ನಕ್ಕರು. "ಹಂಗಾದ್ರೆ ನಿಮ್ ಹಾಡಿಯಲ್ಲೇ ಒಂದಷ್ಟು ಕಲ್ಲು ನೆಟ್ಕಂಡ್ರೆ ಆಗಲ್ವಾ?" ಅವರ ದೇವಸ್ಥಾನವನ್ನು ಕಿತ್ತು ಬಸ್ ನಿಲ್ದಾಣದಲ್ಲಿ ನೆಡಿ ಎಂದು ನಾನು ಹೇಳಿದ್ದರೆ ಗತಿ ಏನಾಗುತ್ತಿತ್ತು! ಆದರೆ ಆ ಮಾತು ನನಗೆ ಹೊಳೆದದ್ದು ಬಸ್ಸಿನಲ್ಲಿ ವಾಪಸು ಬರುವಾಗ.

ಯುಗಾದಿ ಕಳೆಯಿತು. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಕಟ್ಟಿ ಚದುರುತ್ತಿತ್ತು. ಇವತ್ತೋ ನಾಳೆಯೋ ಮಳೆ. ಕೇತಮಾವನ ಕೆಮ್ಮು ಇಳಿದಿರಲಿಲ್ಲ. ಅಷ್ಟರಲ್ಲಿ ಬೇದಣ್ಣ ಅದೇ ಸಫಾರಿಯಲ್ಲಿ ಜೀಪ್ ಡ್ರೈವರ್ ಆಗಿ ಸೇರಿದ್ದ. ಒಂದು ದಿನ ಅವನು ಫೋನ್ ಮಾಡಿ, "ಏ ಮಾದೇವಿ, ಟಿಕೆಟ್ ತಕಂಡು ಬಂದ್ಬುಡಿ. ನಂದೇ ಜೀಪು. ಟಿಕೆಟ್ ಇದ್ರೆ ಯಾವ್ ಗಾರ್ಡೂ ಕೇಳಲ್ಲ. ಕಲ್ ತಾವ ನಿಧಾನ ಮಾಡ್ತೀನಿ, ಮಾವ ಮ್ಯಾಲಿಂದ್ಲೇ ಏಳ್ಬುಡ್ಲಿ" ಅಂದ. ದಿನವಿಡೀ ಜನರಿಗೆ ಟಿಕೆಟ್ ಹರಿದು ಕೊಡುವವಳು ನಾನು. ನಮ್ಮ ಅಜ್ಜಂದಿರು ಮಣ್ಣಾದ ಕಾಡನ್ನು ನೋಡಲು ಅವತ್ತು ಕಿಟಕಿಯಲ್ಲಿ ಕೈಯಿಟ್ಟು ಟಿಕೆಟ್ ಕೊಂಡೆ. "ಎಲ್ಲಿಂದ ಬಂದಿದ್ದೀರಾ?" ಎಂದು ಒಳಗಿದ್ದವನು ಕೇಳಿದ. ಕೇತಮಾವ ಕಾಡಿನ ಕಡೆ ಕೈ ತೋರಿಸಿದರು. ಅವನು ಕೊಳ್ಳೇಗಾಲ ಎಂದು ಬರೆದುಕೊಂಡ.

ಜೀಪಿನಲ್ಲಿ ನಮ್ಮ ಜೊತೆ ಹೊರಗಿನವರು ಇಬ್ಬರು, ಗಂಡ ಹೆಂಡತಿ. ಗಂಡನ ಕೈಯಲ್ಲಿ ಫೋನು ಸದಾ ಎದ್ದೇ ಇತ್ತು. ಮುಂದೆ ಬೇದಣ್ಣನ ಪಕ್ಕ ಒಬ್ಬ ಗೈಡು, ಪೇಟೆ ಹುಡುಗ, ಮಿಲಿಟರಿ ಬಣ್ಣದ ಪ್ಯಾಂಟು. ಮೊದಲನೆಯ ಕಲ್ಲು ಬಂದಾಗ ಬೇದಣ್ಣ ನಿಧಾನ ಮಾಡಿದ. ಕೇತಮಾವ ಬಾಯಿ ತೆರೆಯುವ ಮೊದಲೇ ಗೈಡು ಹಿಂದಕ್ಕೆ ತಿರುಗಿ, "ಇದು ಹುಲಿಕಲ್ಲು. ಹಿಂದಿನ ಕಾಲದಲ್ಲಿ ಕಾಡುಜನ ಇದ್ರ ಮೇಲೆ ಹುಲಿಗೆ ನರಬಲಿ ಕೊಡ್ತಿದ್ರು" ಅಂದ.

ಕೇತಮಾವನಿಗೆ ಸಿಟ್ಟು ಬಂದದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. "ಯಾರ್ಲಾ ನಿಂಗೆ ಏಳ್ದೋರು?" ಅಂದರು. ಆಮೇಲೆ, "ನಿಲ್ಸು ಬೇದ" ಅಂದರು. ಜೀಪು ನಿಂತಿತು. ಮಾವ ಹಿಂದಿನ ಬಾಗಿಲು ತೆಗೆದು ಬರಿಗಾಲಲ್ಲಿ ಇಳಿದುಬಿಟ್ಟರು. "ಕಾಲ್ ನೆಲದ್ ಮ್ಯಾಲಿಲ್ದೆ ಈ ಕತೆ ಬರಾಕಿಲ್ಲ. ಬಾ ಕೂಸು." ಪವಿತ್ರ ನನ್ನ ತೊಡೆ ಮೇಲಿಂದ ಜಿಗಿದಳು. ನಾನೂ ಇಳಿದೆ.

"ಇಳೀಬಾರ್ದು! ಹುಲಿ ಓಡಾಡೋ ಜಾಗ!" ಎಂದು ಗೈಡು ಕಿರುಚಿದ.

"ಉಲಿ ನಂಗೆ ಗೊತ್ತು. ನೀನು ಗೊತ್ತಾ ಅದ್ಕೆ?" ಅಂದರು ಕೇತಮಾವ.

ಅವರು ಹೇಳಿದರು. ಪವಿತ್ರ ಸೊಪ್ಪಿಟ್ಟು ತಿರುಗಿ ಹೇಳಿದಳು. ಒಂದೂ ತಪ್ಪಲಿಲ್ಲ. ಮಾವ ಅವಳ ತಲೆ ಮುಟ್ಟಿ ಮುಂದಕ್ಕೆ ನಡೆದರು. ನಾವು ಮೂವರು ರಸ್ತೆಯ ಮೇಲೆ, ಹಿಂದೆ ಬೇದಣ್ಣ ಜೀಪನ್ನು ಎತ್ತಿನ ಗಾಡಿಯ ಹಾಗೆ ಓಡಿಸುತ್ತ, ಜೀಪಿನಿಂದ ಅರ್ಧ ಮೈ ಹೊರಗೆ ಹಾಕಿದ ಆ ಗಂಡಸು ಫೋನು ಹಿಡಿದುಕೊಂಡು. ಗೈಡು ವಾಕಿಟಾಕಿಯಲ್ಲಿ ಏನೋ ಒದರುತ್ತಿದ್ದ. ಎರಡನೆಯ ಕಲ್ಲಿನಲ್ಲಿ ಪವಿತ್ರ ಒಂದು ಮಾತು ಬಿಟ್ಟಳು. ಒಂದೇ ಮಾತು. ಕೇತಮಾವ ತಿರುಗಿ ಮೊದಲನೆಯ ಕಲ್ಲಿನ ಕಡೆ ಹೊರಟರು.

"ಮಾವ, ಕೈ ಮುಗೀತೀನಿ, ಒಂದು ಮಾತು ತಾನೆ, ಮುಂದಕ್ಕೆ ಓಗಾಣ, ಗಾರ್ಡ್ ಬತ್ತಾನೆ" ಅಂದೆ.

"ಒಂದ್ ಮಾತು ಬುಟ್ರೆ ಮುಂದುಲ್ ಕಲ್ಲು ಬಾಯ್ ಬುಡಾಕಿಲ್ಲ ಕಣವ್ವ" ಅಂದರು. ನಿಲ್ಲಲಿಲ್ಲ.

ನಾವು ಹಿಂದಕ್ಕೆ ನಡೆದೆವು. ದಾರಿ ಬಿಡಲು ಬೇದಣ್ಣ ಜೀಪನ್ನು ರಿವರ್ಸ್ ತೆಗೆದ. ಹೆಂಗಸು ನಗತೊಡಗಿದಳು, ಗೈಡು ಕೆಟ್ಟ ಬೈಗುಳ ಬೈದ, ಗಂಡಸಿನ ಫೋನು ಮಾತ್ರ ಕೆಳಗಿಳಿಯಲಿಲ್ಲ. ಮೊದಲನೆಯ ಕಲ್ಲಿನಿಂದ ಮತ್ತೆ ಶುರು. ಪವಿತ್ರ ತುಟಿ ಕಚ್ಚಿಕೊಂಡು ಹೇಳಿದಳು. ಎರಡನೆಯದು ದಾಟಿತು. ಮೂರನೆಯ ಕಲ್ಲಿನ ಹತ್ತಿರ ಮಾವ ಅರ್ಧ ಹೇಳಿ ಉಸಿರು ತೆಗೆದುಕೊಳ್ಳಲು ನಿಂತರು, ಪವಿತ್ರ ಅಷ್ಟನ್ನು ತಿರುಗಿ ಹೇಳಿದಳು. ಆಗ ಬೈಕುಗಳು ಬಂದವು.

ಗಾರ್ಡು ಮಾತಿಲ್ಲ ಕತೆಯಿಲ್ಲ, ಇಳಿದವನೇ ನನ್ನ ಮಗಳ ರೆಟ್ಟೆ ಹಿಡಿದು ಜೀಪಿನ ಕಡೆ ಎಳೆದ. ಅವಳು ಚೀರಿದಳು. ನಾನು ಅವನ ಕಾಲರ್ ಹಿಡಿದೆ. ಇನ್ನಿಬ್ಬರು ನನ್ನನ್ನು ಹಿಡಿದರು. ಬೇದಣ್ಣ ಇಂಜಿನ್ ಆರಿಸದೆಯೇ ಇಳಿದು ಓಡಿ ಬಂದ, ಅವನನ್ನು ಒಬ್ಬ ತಳ್ಳಿದ. ಈ ಗಲಾಟೆಯೆಲ್ಲ ನಡೆಯುತ್ತಿದ್ದಾಗ ಕೇತಮಾವ ಕಲ್ಲಿನ ಕಡೆ ಮುಖ ಮಾಡಿ ಹೇಳುತ್ತಲೇ ಇದ್ದರು. ಉಳಿದರ್ಧ ಹೇಳಿದರು, ಆಮೇಲೂ ಹೇಳಿದರು, ಅವರನ್ನು ತೋಳು ಹಿಡಿದು ತಿರುಗಿಸುವವರೆಗೆ ಅವರ ಬಾಯಿ ನಿಲ್ಲಲಿಲ್ಲ. ಏನು ಹೇಳಿದರೆಂದು ನಮ್ಮಲ್ಲಿ ಒಬ್ಬರಿಗೂ ಕೇಳಿಸಲಿಲ್ಲ.

ಸಂಜೆಯವರೆಗೆ ಮಾವನನ್ನು ಕಚೇರಿಯ ಜಗಲಿಯಲ್ಲಿ ಕೂರಿಸಿದರು. ಇನ್ನು ಮುಂದೆ ಅಪ್ಪಣೆಯಿಲ್ಲದೆ ಕಾಡಿಗೆ ಕಾಲಿಡುವುದಿಲ್ಲ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಬೇದಣ್ಣನ ಕೆಲಸ ಅವತ್ತೇ ಹೋಯಿತು. ಎರಡು ದಿನ ಕಳೆದು ಮಳೆ ಬಂತು, ಆಲಿಕಲ್ಲು ಸಮೇತ. ಊರೆಲ್ಲ ಕುಣಿಯಿತು. ನಾನು ಆ ಮಳೆಗೆ ಶಾಪ ಹಾಕಿದೆ.

ಪೋಡಿಗೆ ಹೋಗಿ ಮಾವನ ಕಾಲು ಹಿಡಿದುಕೊಂಡೆ. ಇಲ್ಲೇ, ಈ ಜಗಲಿಯ ಮೇಲೆಯೇ ಉಳಿದದ್ದನ್ನು ಹೇಳಿಬಿಡಿ ಅಂದೆ. ಪವಿತ್ರ ಅವರದೇ ನುಡಿಯಲ್ಲಿ ಕೇಳಿಕೊಂಡಳು. "ಕಲ್ಲಿಲ್ದೆ ಏಳುದ್ರೆ ಅದು ಬರೀ ಮಾತಾಯ್ತದೆ ಕೂಸು. ಮುಂದುಲ್ ಬ್ಯಾಸ್ಗೆಲಿ ನೋಡಾಣ" ಅಂದರು. ಮುಂದಿನ ಬೇಸಿಗೆ ಗೊತ್ತಿಲ್ಲವೆಂದು ತಾವೇ ಹೇಳಿದ್ದವರು! ಬರೀ ಮಾತಾದರೂ ಸರಿ, ಕೊಡಿ ಎಂದು ಜಗಳವಾಡಿದೆ. ಕೊಡಲಿಲ್ಲ. ಆ ಮಳೆಗಾಲ ಮುಗಿಯುವ ಮುಂಚೆಯೇ ತೀರಿಕೊಂಡರು. ಹಳೆಯ ಪೋಡಿನಲ್ಲಿ ತಮ್ಮವರ ಪಕ್ಕ ಮಣ್ಣಾಗಬೇಕೆಂದಿದ್ದರು. ಗೇಟು ದಾಟಿಸಲು ಬಿಡಲಿಲ್ಲ, ರಸ್ತೆ ಬದಿಯಲ್ಲಿ ಮಣ್ಣು ಮಾಡಿದೆವು. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದಂತೆ. ಗಾರ್ಡಿನ ಮೇಲೆ, ಸಾಹೇಬರ ಮೇಲೆ, ವಾರ್ಡನ್ ಮೇಲೆ ಇರುವ ಹಾಗೆಯೇ ಮಾವನ ಮೇಲೂ ನನಗೆ ಕೋಪವಿದೆ. ಅವರ ಹಟ ನನಗೆ ಅರ್ಥವಾಗುತ್ತದೆ, ಆದರೂ ಕೋಪ ಹೋಗಿಲ್ಲ.

ಜೀಪಿನಲ್ಲಿದ್ದ ಆ ಗಂಡಸು ತೆಗೆದ ವಿಡಿಯೊ ಮೊಬೈಲಿನಲ್ಲಿ ಓಡಾಡಿದ್ದು ನಮಗೆ ಬಹಳ ತಡವಾಗಿ ಗೊತ್ತಾಯಿತು. ಬಸ್ಸಿನಲ್ಲಿ ಒಬ್ಬ ಕಾಲೇಜು ಹುಡುಗ ನೋಡಿ ನಗುತ್ತಿದ್ದ, ಬಗ್ಗಿ ನೋಡಿದರೆ ಕೇತಮಾವ. "ಹುಲಿಗಿಂತ ಡೇಂಜರ್ ತಾತ" ಎಂದು ಮೇಲೆ ಬರೆದಿತ್ತು. ಮೊದಲನೆಯ ಕಲ್ಲಿನಿಂದ ಮಾವನನ್ನು ಎಳೆದೊಯ್ಯುವವರೆಗೆ ಎಲ್ಲವೂ ಇದೆ. ಆದರೆ ಧ್ವನಿಯಿಲ್ಲ. ಅದನ್ನು ಅಳಿಸಿ ಉದ್ದಕ್ಕೂ ಒಂದು ತಮಟೆ ಹಾಡು ಹಾಕಿದ್ದಾನೆ. ನಮ್ಮ ಕತೆ ಬಲ್ಲ ಕೊನೆಯ ಮನುಷ್ಯ ನಮ್ಮ ನುಡಿಯಲ್ಲಿ ಅದನ್ನು ಹೇಳುತ್ತಿದ್ದಾನೆ, ಮೇಲೆ ಡಂಗುಡಕ ಡಂಗುಡಕ. ಲಕ್ಷಾಂತರ ಜನ ನೋಡಿದ್ದಾರೆ. ಒಬ್ಬರಿಗಾದರೂ ಆ ಮುದುಕ ಏನು ಹೇಳುತ್ತಿದ್ದಾನೆ ಎಂದು ಕೇಳಬೇಕು ಅನ್ನಿಸಲಿಲ್ಲ. ನಗುವ ಮುಖಗಳನ್ನು ಹಾಕಿ ಮುಂದೆ ಹೋಗಿದ್ದಾರೆ.

ಅವನನ್ನು ಹುಡುಕಿ ಮೆಸೇಜು ಮಾಡಿದೆ. ಬೈಯಬೇಕೆಂದು ಕೈ ತುರಿಸುತ್ತಿತ್ತು, ಬೈಯಲಿಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ, ಹಾಡಿಲ್ಲದ ವಿಡಿಯೊ ಇದ್ದರೆ ಕಳಿಸಿ ಎಂದು ಬರೆದೆ. ಉತ್ತರ ಬಂತು. "ಫೋನ್ ಚೇಂಜ್ ಮಾಡ್ದೆ ಮೇಡಂ, ಒರಿಜಿನಲ್ ಇಲ್ಲ. ತಾತಂಗೆ ನಮಸ್ಕಾರ ಹೇಳಿ." ಕೊನೆಗೆ ಮುಗಿದ ಕೈಗಳ ಒಂದು ಚಿತ್ರ. ಆ ಕೈಗಳನ್ನು ನೋಡಿ ಬಂದಷ್ಟು ಸಿಟ್ಟು ನನಗೆ ಗೇಟಿನ ಮುಂದೆಯೂ ಬಂದಿರಲಿಲ್ಲ.

ಪವಿತ್ರ ಈಗ ಹೈಸ್ಕೂಲು. ಆ ವಿಡಿಯೊ ಅವಳ ಬಳಿಯಿದೆ. ಹೋದ ವಾರ ನಾನು ಡ್ಯೂಟಿ ಮುಗಿಸಿ ಮನೆಗೆ ಬಂದಾಗ ತಮಟೆ ಹಾಡು ಕೇಳಿಸದ ಹಾಗೆ ಸದ್ದು ಪೂರ್ತಿ ನಿಲ್ಲಿಸಿ ಅದನ್ನು ಹಾಕಿಕೊಂಡು ಕೂತಿದ್ದಳು. ಮಾವನ ತುಟಿ ಅಲ್ಲಾಡಿದ ಹಾಗೆಲ್ಲ ಇವಳು ನಮ್ಮ ನುಡಿಯಲ್ಲಿ ಸರಿಯಾಗಿ ಆ ಮಾತನ್ನೇ ಆಡುತ್ತಿದ್ದಳು. ಮೊದಲನೆಯ ಕಲ್ಲು. ಎರಡನೆಯದು. ತಪ್ಪಿದ ಮಾತು ಬಂದಾಗ ಅವಳೂ ನಿಂತು, ಜೀಪು ಹಿಂದಕ್ಕೆ ಬರುವವರೆಗೆ ಕಾದು, ಮೊದಲಿನಿಂದ ಶುರು ಮಾಡಿದಳು. ನಾನು ಬಾಗಿಲಲ್ಲೇ ಬ್ಯಾಗು ಹಿಡಿದುಕೊಂಡು ನಿಂತೆ. ಮೂರನೆಯ ಕಲ್ಲು ಬಂತು, ಅರ್ಧ ಹೇಳಿದಳು. ಪರದೆಯ ಮೇಲೆ ಗಾರ್ಡು ಬಂದ. ಪರದೆಯ ಮೇಲೆ ಮಾವನ ತುಟಿ ಇನ್ನೂ ಅಲ್ಲಾಡುತ್ತಿತ್ತು. ಇವಳ ಬಾಯಿ ನಿಂತಿತು.

"ಅಮ್ಮ, ಇಲ್ಲಿ ತಾತ ಏನ್ ಏಳ್ತಾವ್ರೆ?" ಅಂದಳು.

"ಗೊತ್ತಿಲ್ಲ ಕಣವ್ವ" ಅಂದೆ.

ಅವಳು ಮುಖ ಎತ್ತಲಿಲ್ಲ. ವಿಡಿಯೊ ಹಿಂದಕ್ಕೆ ತಳ್ಳಿ ಎರಡನೆಯ ಕಲ್ಲಿನಿಂದ ಮತ್ತೆ ಶುರು ಮಾಡಿದಳು.